ಬೆಳೆದ ಲಿಪಿಯೂ ಕಟ್ಟಿದ ಸಂಕೇತವೂ: ಕನ್ನಡ ತಂತ್ರಾಂಶದ ಇತಿಹಾಸದಿಂದ ಒಂದು ವಿಚಾರ

ಗಣಕಯಂತ್ರವನ್ನು ನಡೆಸುವ ತಂತ್ರಾಂಶವು ಮರದಂತೆ ಕ್ರಮಕ್ರಮವಾಗಿ ಬೆಳೆದರೆ ಲೇಸೋ, ಗುಡಿಯಂತೆ ಮೊದಲೇ ನಕ್ಷೆ ಬರೆದು ಕಟ್ಟಿದರೆ ಲೇಸೋ ಎಂಬ ಚರ್ಚೆ ಪಾಶ್ಚಾತ್ಯ ವಿದ್ವಾಂಸರಲ್ಲಿ ಅರ್ಧ ಶತಮಾನಕ್ಕೂ ಮಿಕ್ಕ ಕಾಲದಿಂದ ನಡೆದುಬಂದಿದೆ. 1968ರಲ್ಲಿ ಜರ್ಮನಿಯ ಗಾರ್ಮಿಶ್ ಪಟ್ಟಣದಲ್ಲಿ ನೆರೆದ ವಿದ್ವತ್ಸಭೆ, ತಂತ್ರಾಂಶರಚನೆಯನ್ನು ಸೇತುವೆ ಕಟ್ಟುವಂಥ ಒಂದು ಶಾಸ್ತ್ರವನ್ನಾಗಿ ಮಾಡಬೇಕೆಂಬ ವಿಚಾರವನ್ನು ಮುಂದಿಟ್ಟಿತು. 1974ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೀರ್ ಲೇಮನ್ ತಂತ್ರಾಂಶಗಳನ್ನು ನಗರಗಳಿಗೆ ಹೋಲಿಸಿದನು. ಬಳಕೆಯಲ್ಲಿರುವ ತಂತ್ರಾಂಶ ಬದಲಾಗುತ್ತಲೇ ಇರಬೇಕು, ಬದಲಾಗದಿದ್ದರೆ ಅದು ಮೆಲ್ಲಮೆಲ್ಲನೆ ನಿರುಪಯುಕ್ತವಾಗುತ್ತದೆಂಬುದು ಅವನ ಮತ. ಅದರ ಮರುವರ್ಷವೇ ಅಮೆರಿಕದ ಫ್ರೆಡರಿಕ್ ಬ್ರೂಕ್ಸ್, ಒಳ್ಳೆಯ ರಚನೆಯ ಮೇಲೆ ಒಂದೇ ಮನಸ್ಸಿನ ಮುದ್ರೆ ಕಾಣಬೇಕೆಂದು ವಾದಿಸಿ, ಹಲವು ತಲೆಮಾರುಗಳ ಕೈಯಲ್ಲಿ ಬೆಳೆದರೂ ಏಕರೂಪತೆಯನ್ನು ಬಿಡದ ಒಂದು ಫ್ರೆಂಚ್ ದೇವಾಲಯವನ್ನು ನಿದರ್ಶನವಾಗಿ ಕೊಟ್ಟನು. 1997ರಲ್ಲಿ ಎರಿಕ್ ರೇಮಂಡ್ ಅದೇ ದೇವಾಲಯದ ಎದುರಿಗೆ ಸಂತೆಯನ್ನು ನಿಲ್ಲಿಸಿ, ಸಂತೆಯ ಪಕ್ಷ ವಹಿಸಿದನು. ಇಷ್ಟು ದೀರ್ಘವಾದ ವ್ಯಾಜ್ಯದಲ್ಲಿ ಕನ್ನಡದ ಸಾಕ್ಷ್ಯ ಕೇಳಿಬಂದುದು ಅಪರೂಪ. ಆದರೆ ಆ ಸಾಕ್ಷ್ಯ ಚಿಕ್ಕದಲ್ಲ.

ಅದನ್ನು ವಿಚಾರಿಸುವುದಕ್ಕೆ ಗನ್ನವರಂ ತಕ್ಕ ಸ್ಥಳವಾಗಿದೆ. ಇಂದು ಅದು ವಿಜಯವಾಡದ ವಿಮಾನನಿಲ್ದಾಣವಿರುವ ಊರು. ಪಕ್ಕದ ಕೇಸರಪಲ್ಲಿಯಲ್ಲಿ ತಂತ್ರಾಂಶ ಸಂಸ್ಥೆಗಳ ಕಟ್ಟಡಗಳೂ ಎದ್ದಿವೆ. ಉದ್ಯೋಗನಿಮಿತ್ತವಾಗಿ ಅಲ್ಲಿ ಬಂದಿಳಿಯುವ ಕನ್ನಡಿಗನ ಕಣ್ಣಿಗೆ ಊರಿನ ಹೆಸರನ್ನು ತೆಲುಗಿನಲ್ಲಿ ಬರೆದ ಫಲಕ ಬೀಳುತ್ತದೆ. ತೆಲುಗನ್ನು ಕಲಿಯದವನೂ ಅದನ್ನು ಓದಬಲ್ಲನು. ಗ, ನ್ನ, ವ, ರ, ಕೊನೆಯ ಸೊನ್ನೆ, ಎಲ್ಲವೂ ಪರಿಚಿತವೇ. ತಲೆಕಟ್ಟು ಮಾತ್ರ ಬೇರೆ. ಕನ್ನಡದಲ್ಲಿ ಅಡ್ಡಗೆರೆಯಾಗಿ ಹೋಗಿ ಬಲಗಡೆಗೆ ಸುತ್ತಿಕೊಳ್ಳುವ ತಲೆಕಟ್ಟು, ತೆಲುಗಿನಲ್ಲಿ ಮೇಲಕ್ಕೆ ಚಿಮ್ಮಿದ ಸಣ್ಣದೊಂದು ಗೀಟು.

ಈ ಸಾಮ್ಯ ಆಕಸ್ಮಿಕವಲ್ಲ. ಕೃಷ್ಣಾ ಗೋದಾವರೀ ನದಿಗಳ ನಡುವಣ ಈ ನೆಲವೇ ಪ್ರಾಚೀನರ ವೇಂಗಿ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜವಿಷ್ಣುವರ್ಧನನು ಕ್ರಿ.ಶ. 624ರ ಸುಮಾರಿಗೆ ಇಲ್ಲಿ ಪೂರ್ವ ಚಾಳುಕ್ಯರ ಮನೆತನವನ್ನು ನೆಲೆಗೊಳಿಸಿದನು. ಆದಿಕವಿ ಪಂಪನ ಪೂರ್ವಿಕರು ವೇಂಗಿಮಂಡಲದ ಅಗ್ರಹಾರದವರು. ಅವನ ತಮ್ಮ ಜಿನವಲ್ಲಭನು ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಟ್ಟಿಗೆ ಬಂದಿವೆ. ವಿಜಯವಾಡದಲ್ಲಿಯೇ ಇರುವ 10ನೆಯ ಶತಮಾನದ ಯುದ್ಧಮಲ್ಲನ ತೆಲುಗು ಶಾಸನ ಮಧ್ಯಾಕ್ಕರವೆಂಬ ಛಂದಸ್ಸಿನಲ್ಲಿದೆ. ಕನ್ನಡ ಛಂದೋಗ್ರಂಥಗಳಲ್ಲಿ ಅದಕ್ಕೆ ಸಂವಾದಿಯಾದುದು ನಡುವಣಕ್ಕರ. ಭಾಷೆ ಎರಡಾದರೂ ಬರೆಯುವ ಕೈ ಒಂದೇ ಆಗಿದ್ದ ಕಾಲವದು. ಕದಂಬರ ಕಾಲದಿಂದ, ಅಂದರೆ 5ನೆಯ ಶತಮಾನದ ಹಲ್ಮಿಡಿ ಶಾಸನದ ಹೊತ್ತಿನಿಂದ, ಈ ಸಮಾನ ಲಿಪಿ ಬೆಳೆಯುತ್ತ ಬಂದು, 13ನೆಯ ಶತಮಾನದಿಂದೀಚೆಗೆ ಎರಡು ಕವಲಾಯಿತು. 19ನೆಯ ಶತಮಾನದ ಮುದ್ರಣಾಲಯಗಳ ಅಚ್ಚಿನ ಮೊಳೆಗಳು ಆ ಕವಲನ್ನು ಶಾಶ್ವತಗೊಳಿಸಿದುವು.

ಈ ಲಿಪಿಯನ್ನು ಯಾವ ಅರಸನೂ ರೂಪಿಸಲಿಲ್ಲ, ಯಾವ ಸಮಿತಿಯೂ ಅಂಗೀಕರಿಸಲಿಲ್ಲ. ಕಲ್ಲುಕುಟಿಗನ ಉಳಿ, ಓಲೆ ಬರೆಯುವವನ ಕಂಠ, ಅವಸರದ ಲೆಕ್ಕಪತ್ರ ಇವುಗಳ ಕೈಯಲ್ಲಿ ಅದು ಒಂದೊಂದು ಬಳುಕಿನಷ್ಟೇ ಬದಲಾಗುತ್ತ ಸಾಗಿತು. ಕ್ರಮವಿಕಾಸದ ಪಕ್ಷದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಆದರೆ ಹಲ್ಮಿಡಿಯ ಶಾಸನವನ್ನು ಇಂದಿನ ವಿದ್ಯಾವಂತ ಕನ್ನಡಿಗನ ಮುಂದಿಟ್ಟರೆ ಅವನು ಒಂದು ಸಾಲನ್ನೂ ಓದಲಾರನು. ಅದಕ್ಕೆ ಶಾಸನತಜ್ಞನೇ ಬೇಕು. ಪ್ರತಿಯೊಂದು ಹೆಜ್ಜೆಯೂ ಹಿಂದಿನದಕ್ಕೆ ಸಮೀಪವಾಗಿದ್ದರೂ ನೂರು ಹೆಜ್ಜೆಗಳ ಬಳಿಕ ಹಿಂದಿನ ಮನೆ ಕಾಣದು. ಇದನ್ನು ನೆನಪಿನಲ್ಲಿಡಬೇಕು, ತಂತ್ರಾಂಶದ ಕಥೆಯಲ್ಲಿ ಇದೇ ಸಂಗತಿ ಸಾವಿರ ವರ್ಷಗಳಲ್ಲಲ್ಲ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಡೆದುಹೋಯಿತು.

ಗಣಕಯಂತ್ರಕ್ಕೆ ಭಾರತೀಯ ಲಿಪಿಗಳನ್ನು ಕಲಿಸುವ ಕಾರ್ಯದಲ್ಲಿ ಮೊದಲು ಕಾಣಿಸಿಕೊಂಡುದು ಉದ್ದೇಶಪೂರ್ವಕ ರಚನೆಯ ಪಕ್ಷವೇ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಒಂದು ಸಂಕೇತಮಾಲೆಯನ್ನು ರೂಪಿಸಿತು. 'ಇಸ್ಕಿ' ಎಂಬ ಹೆಸರಿನಿಂದ ಬಳಕೆಗೆ ಬಂದ ಇದನ್ನು 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅಂಗೀಕರಿಸಿತು. ಇದರ ತತ್ತ್ವ ಸರಳವೂ ಸುಂದರವೂ ಆಗಿತ್ತು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳು. ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ. ಆದುದರಿಂದ ಅಕ್ಷರದ ಆಕಾರಕ್ಕಲ್ಲ, ಅದರ ಧ್ವನಿಗೆ ಸಂಖ್ಯೆಯನ್ನು ಕೊಡಬೇಕು. ಯಾವ ಲಿಪಿಯಲ್ಲಿ ತೋರಬೇಕೆಂಬುದನ್ನು ಬೇರೊಂದು ಸೂಚನೆಯಿಂದ ತಿಳಿಸಬೇಕು. ಈ ಏರ್ಪಾಡಿನಲ್ಲಿ 'ಗನ್ನವರಂ' ಎಂಬ ಹೆಸರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಒಂದೇ ಸಂಖ್ಯಾಶ್ರೇಣಿ. ಬದಲಾಗುವುದು ತಲೆಕಟ್ಟು ಮಾತ್ರ! ಸಾವಿರ ವರ್ಷಗಳ ಹಿಂದಿನ ವೇಂಗಿಯ ಲಿಪಿಕಾರನ ಕೈಯಲ್ಲಿದ್ದ ಏಕತೆಯನ್ನು ದೆಹಲಿಯ ಇಲಾಖೆಯೊಂದು ಮರಳಿ ಕಟ್ಟಿಕೊಟ್ಟಂತಾಯಿತು. ಇದಕ್ಕೆ ಸರಿಯಾಗಿ 1986ರಲ್ಲಿ 'ಇನ್‌ಸ್ಕ್ರಿಪ್ಟ್' ಎಂಬ ಕೀಲಿಮಣೆಯೂ ಬಂದಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕನ್ನಡದಲ್ಲಿ ಬೆರಳಚ್ಚು ಕಲಿತವನು ತೆಲುಗನ್ನೋ ಬಂಗಾಳಿಯನ್ನೋ ಅದೇ ಬೆರಳುಗಳಿಂದ ಅಚ್ಚುಮಾಡಬಲ್ಲನು.

ತತ್ತ್ವದಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ಕನ್ನಡಿಗರ ಕೈಗೆ ಒಗ್ಗಿದುದು ಬೇರೊಂದು ಕೀಲಿಮಣೆ.

ಅದರ ಕರ್ತೃ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಎಲ್ಲರೂ ಬಲ್ಲ ಕೆ. ಪಿ. ರಾವ್. ದಕ್ಷಿಣ ಕನ್ನಡದಲ್ಲಿ ಹುಟ್ಟಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಮಾಡಿದ ಇವರು ಐರಾವತಂ ಮಹಾದೇವನ್ನರ ಸಿಂಧೂಲಿಪಿಯ ಸಂಶೋಧನೆಗೂ ನೆರವಾದವರು, ಮುದ್ರಣಕಲೆಯಲ್ಲಿಯೂ ನುರಿತವರು. ತಮ್ಮ ತಂತ್ರಾಂಶಕ್ಕೆ ಅವರು ಕೊಟ್ಟ ಹೆಸರು 'ಸೇಡಿಯಾಪು'. ಛಂದಸ್ಸು ನಿಘಂಟುಗಳಲ್ಲಿ ಮುಳುಗಿದ್ದ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆ ಒಂದು ಗಣಕ ತಂತ್ರಾಂಶದಲ್ಲಿ ನಿಂತಿರುವುದು ಕನ್ನಡಕ್ಕೆ ಒಪ್ಪುವ ಮಾತೇ ಸರಿ. ರಾಯರ ಕೀಲಿಮಣೆ ಆಂಗ್ಲ ವರ್ಣಮಾಲೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ಅಡಕವಾಗಿದೆ. ಕೆ ಕೀಲಿಯನ್ನು ಒತ್ತಿದರೆ ಕಕಾರ, ಶಿಫ್ಟಿನೊಡನೆ ಒತ್ತಿದರೆ ಅದರ ಮಹಾಪ್ರಾಣ ಖಕಾರ. ವ್ಯಂಜನದ ಮುಂದೆ ಸ್ವರದ ಕೀಲಿ ಬಿದ್ದರೆ ತಾನಾಗಿ ಗುಣಿತಾಕ್ಷರ. ನಡುವೆ ಎಫ್ ಕೀಲಿ ಬಿದ್ದರೆ ಒತ್ತಕ್ಷರ. ಬರಿಯ ಕಕಾರಕ್ಕೆ ಒಂದೇ ಒತ್ತು ಸಾಕು, ಏಕೆಂದರೆ ಅಕಾರ ಅದರಲ್ಲಿಯೇ ಇದೆ. ಕನ್ನಡದ ಅಕ್ಷರ ಹೇಗೆ ಆಗುತ್ತದೆಂಬ ವ್ಯಾಕರಣವೇ ಕೀಲಿಮಣೆಯಾಗಿದೆಯೆನ್ನಬಹುದು. ಇದನ್ನು ಅವರು ಸಾರ್ವಜನಿಕರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಇದನ್ನೇ ಮಾನ್ಯಮಾಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಇದನ್ನು ಕಚೇರಿ ಕಚೇರಿಗೆ ಕೊಂಡೊಯ್ದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಯರ ಕೀಲಿಮಣೆಯೂ ರಚಿತವಾದುದೇ, ತಾನಾಗಿ ಹುಟ್ಟಿದುದಲ್ಲ. ಬ್ರೂಕ್ಸ್ ಕೇಳಿದ ಏಕಮನಸ್ಸಿನ ಮುದ್ರೆ ಅದರಲ್ಲಿ ಸ್ಪಷ್ಟವಾಗಿದೆ. ಇನ್‌ಸ್ಕ್ರಿಪ್ಟಿಗೂ ಅದಕ್ಕೂ ಇರುವ ಭೇದ ರಚನೆ ವಿಕಾಸಗಳ ಭೇದವಲ್ಲ. ಒಂದು, ಎಲ್ಲ ಭಾಷೆಗಳಿಗೂ ಸಮನಾಗಿರಬೇಕೆಂದು ಮೇಲಿನಿಂದ ಇಳಿದುಬಂದಿತು. ಇನ್ನೊಂದು, ಕಚೇರಿಯಲ್ಲಿ ಆಗಲೇ ಇದ್ದ ಆಂಗ್ಲ ಕೀಲಿಮಣೆಯ ಮೇಲೆ ಕುಳಿತಿದ್ದ ಗುಮಾಸ್ತನ ಬೆರಳಿನಿಂದ ಹೊರಟಿತು. ಕನ್ನಡಿಗನೊಬ್ಬ ಬಂಗಾಳಿಯನ್ನು ಅಚ್ಚುಮಾಡಬೇಕಾದ ಪ್ರಸಂಗ ಎಷ್ಟು ಬಾರಿ ಒದಗೀತು? ಆಂಗ್ಲವನ್ನು ಅಚ್ಚುಮಾಡಬೇಕಾದ ಪ್ರಸಂಗವಾದರೋ ದಿನವೂ ಒದಗುತ್ತದೆ.

ತಾನಾಗಿ ಬೆಳೆದುದರ ಕಥೆ ಇದಕ್ಕಿಂತ ಬೇರೆ. ಹೊರನಾಡ ಕನ್ನಡಿಗರಿಗೆ ಅದು ಹತ್ತಿರದ ಕಥೆ. 1998ರಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಹೊರತಂದರು. ಕನ್ನಡದ ಮಾತನ್ನು ಆಂಗ್ಲ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತಿದರೆ ತೆರೆಯ ಮೇಲೆ ಕನ್ನಡ ಮೂಡುವ ಈ ಏರ್ಪಾಡು, ತಾಯ್ನಾಡಿನಿಂದ ದೂರವಿದ್ದು ಯಾವ ಬೆರಳಚ್ಚು ಶಾಲೆಗೂ ಹೋಗಲಾರದವರಿಗೆ ವರವಾಯಿತು. ತೆಲುಗರಲ್ಲಿಯೂ ಹೀಗೆಯೇ, ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದವರು 1990ರ ದಶಕದಲ್ಲಿ ರೋಮನ್ ಅಕ್ಷರಗಳಿಂದ ತೆಲುಗನ್ನು ಬರೆಯುವ ಕ್ರಮವೊಂದನ್ನು ಬೆಳೆಸಿದರು. ಮನೆಯ ಹಂಬಲದಿಂದ ಹುಟ್ಟಿ ಬಳಸುವವರ ಬೇಡಿಕೆಯಿಂದ ಆವೃತ್ತಿಯಿಂದಾವೃತ್ತಿಗೆ ತಿದ್ದಿಕೊಂಡು ಬೆಳೆದ ಇವುಗಳಲ್ಲಿ ರೇಮಂಡನ ಸಂತೆಯ ಲಕ್ಷಣವಿದೆ.

ಆದರೆ ಸಂತೆಯಲ್ಲಿ ಅಳತೆಯ ಸೇರು ಒಂದೇ ಇರಲಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳು ಯಂತ್ರಕ್ಕೆ ಕನ್ನಡವನ್ನು ನಿಜವಾಗಿ ಕಲಿಸಿರಲಿಲ್ಲ. ಯಂತ್ರದ ಮಟ್ಟಿಗೆ ಅಲ್ಲಿದ್ದುದು ಆಂಗ್ಲ ಅಕ್ಷರಗಳ, ಚಿಹ್ನೆಗಳ ಸಂಖ್ಯೆಗಳೇ. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಮುಖವಾಡದಂತೆ ತೊಡಿಸಿತ್ತು. ಇನ್ನೂರರಷ್ಟೇ ಸ್ಥಾನಗಳಲ್ಲಿ ಕನ್ನಡದ ಗುಣಿತ, ಒತ್ತುಗಳನ್ನೆಲ್ಲ ಹಿಡಿಸಬೇಕಾದುದರಿಂದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಇಳಿ ಎಂದು ತುಂಡುತುಂಡಾಗಿ ಕತ್ತರಿಸಿ ಜೋಡಿಸುತ್ತಿದ್ದರು. ಯಾವ ತುಂಡು ಯಾವ ಸ್ಥಾನದಲ್ಲಿ ಎಂಬುದು ಒಬ್ಬೊಬ್ಬ ತಯಾರಕನಿಗೂ ಒಂದೊಂದು ಬಗೆ. ಆದುದರಿಂದ ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಪದವೊಂದನ್ನು ಹುಡುಕುವಂತಿಲ್ಲ, ಅಕಾರಾದಿಯಾಗಿ ಜೋಡಿಸುವಂತಿಲ್ಲ, ಪದಸೂಚಿಯನ್ನು ಯಂತ್ರದಿಂದ ಮಾಡಿಸುವಂತಿಲ್ಲ. ಕಾಗದದ ಮೇಲೆ ಮುದ್ರಿಸಿದುದು ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಈ ನ್ಯೂನತೆ ಬಹುಕಾಲ ಯಾರಿಗೂ ನೋವು ಕೊಡಲಿಲ್ಲ.

ನೋವು ಕಾಣಿಸಿಕೊಂಡುದು ಅನಂತರ. ಹಳೆಯ ಯಂತ್ರ ಕೆಟ್ಟು ಹೊಸದು ಬಂದಾಗ, ಆ ಅಕ್ಷರರೂಪವನ್ನು ಮಾರಿದ ಅಂಗಡಿ ಮುಚ್ಚಿದಾಗ, ದಶಕಗಟ್ಟಲೆ ಶ್ರಮದಿಂದ ಅಚ್ಚುಮಾಡಿಟ್ಟ ಸಂಚಿಕೆಗಳು, ನಿಘಂಟಿನ ಚೀಟಿಗಳು, ಶಾಸನಪಾಠಗಳು ಕಡತವಾಗಿ ಉಳಿದೂ ಓದಲು ಬಾರದಂತಾದುವು. ವಿಶ್ವವಿದ್ಯಾನಿಲಯಗಳಿಗೆ ಪರಿವರ್ತನೆಯ ಸಾಧನವೂ ಸಿಬ್ಬಂದಿಯೂ ಉಂಟು. ಚಂದಾದಾರರ ಹಣದಿಂದ ನಡೆಯುವ ಹೊರನಾಡ ಸಂಘಗಳ ಪತ್ರಿಕೆಗಳಿಗೆ ಅದು ಭಾರವೇ ಸರಿ. ಹಲ್ಮಿಡಿಯ ಕಲ್ಲಿಗೆ ಶಾಸನತಜ್ಞ ಬೇಕಾದಂತೆ, ಇಪ್ಪತ್ತು ವರ್ಷಗಳ ಹಿಂದಿನ ಕನ್ನಡ ಲೇಖನಕ್ಕೆ ಹಳೆಯ ಅಕ್ಷರರೂಪಗಳ ತಜ್ಞ ಬೇಕಾಯಿತು. ಬೆಳೆವಣಿಗೆ ಕೈಗೆ ಹಿತವಾಗಿತ್ತು, ನೆನಪಿಗೆ ಆಗಲಿಲ್ಲ.

ಈ ಗೊಂದಲವನ್ನು ನೀಗಿಸಿದುದು ಪುನಃ ಒಂದು ಕಟ್ಟಿದ ವ್ಯವಸ್ಥೆಯೇ. ಲೋಕದ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪ್ರತ್ಯೇಕ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ಸಂಕೇತದ ಮೊದಲ ಆವೃತ್ತಿ 1991ರಲ್ಲಿ ಹೊರಬಿದ್ದಿತು. ಭಾರತೀಯ ಲಿಪಿಗಳ ವಿಷಯದಲ್ಲಿ ಅದು 1988ರ ಇಸ್ಕಿಯನ್ನೇ ಆಧಾರವಾಗಿಟ್ಟುಕೊಂಡಿತು. ಆದರೆ ಒಂದೊಂದು ಲಿಪಿಗೂ 128 ಸ್ಥಾನಗಳ ಬೇರೆ ಬೇರೆ ಕೇರಿಯನ್ನು ಕೊಟ್ಟಿತು. ತೆಲುಗಿನ ಕೇರಿ 3072ರಿಂದ, ಕನ್ನಡದ್ದು ಅದರ ಪಕ್ಕದಲ್ಲಿಯೇ 3200ರಿಂದ ಆರಂಭ. ಕೇರಿ ಬೇರೆಯಾದರೂ ಮನೆಗಳ ಕ್ರಮ ಒಂದೇ. 'ಗನ್ನವರಂ' ಎಂಬುದು ಕನ್ನಡದಲ್ಲಿ 3223, 3240, 3277, 3240, 3253, 3248, 3202. ಒಂದೊಂದರಿಂದಲೂ 128ನ್ನು ಕಳೆದರೆ ತೆಲುಗು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ 'ತುಂಗಾ', ತೆಲುಗಿಗೆ 'ಗೌತಮಿ' ಎಂದು ನದಿಗಳ ಹೆಸರಿನ ಅಕ್ಷರರೂಪಗಳು ಸೇರಿದುವು. ಅಲ್ಲಿಂದ ಮುಂದೆ ನುಡಿ, ಬರಹಗಳೂ ಯೂನಿಕೋಡಿಗೆ ಹೊಂದಿಕೊಂಡುವು. ಇಂದು ವಿಜಯವಾಡದಲ್ಲಿ ಬರೆದುದು ಧಾರವಾಡದಲ್ಲಿ ತಡೆಯಿಲ್ಲದೆ ತೆರೆಯುತ್ತದೆಂದರೆ ಅದಕ್ಕೆ ಕಾರಣ ಈ ಕಟ್ಟಡ.

ಕಟ್ಟಿದವರ ಪಕ್ಷ ಇಲ್ಲಿಗೆ ಗೆದ್ದಿತೆನ್ನಬಹುದಾಗಿತ್ತು, ೞಕಾರದ ಪ್ರಸಂಗ ಇಲ್ಲದಿದ್ದರೆ.

ಏೞು, ಬಾೞ್, ಪೊೞಲ್ ಮೊದಲಾದ ಹಳಗನ್ನಡದ ಮಾತುಗಳಲ್ಲಿದ್ದ ಈ ಅಕ್ಷರ ಕಾಲಕ್ರಮದಲ್ಲಿ ಕನ್ನಡದಲ್ಲಿ ಬಹುಮಟ್ಟಿಗೆ ಳಕಾರದಲ್ಲಿ ಕರಗಿತು. ತೆಲುಗಿನಲ್ಲಿ ಡಕಾರದ ಕಡೆಗೆ ಸರಿಯಿತು. ಕನ್ನಡಿಗನ ಏಳು ತೆಲುಗನಿಗೆ ಏಡು, ಇವನ ಕೋಳಿ ಅವನಿಗೆ ಕೋಡಿ ಆದುದು ಹೀಗೆ. 13ನೆಯ ಶತಮಾನದ ಹೊತ್ತಿಗೆ ಜನರು ಎಲ್ಲಿ ೞ ಎಲ್ಲಿ ಳ ಎಂದು ತಬ್ಬಿಬ್ಬಾಗುತ್ತಿದ್ದುದರಿಂದಲೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳನ್ನು ವಿಂಗಡಿಸಿ ತೋರಿಸಬೇಕಾಯಿತು. ಪಂಪನನ್ನು ಸಂಪಾದಿಸುವವನಿಗೆ ಈ ಅಕ್ಷರ ಅನಿವಾರ್ಯ. ಯೂನಿಕೋಡಿನಲ್ಲಿ ಇದಕ್ಕೆ ಸ್ಥಾನ ಆರಂಭದಿಂದಲೇ ಉಂಟು. ಆದರೆ ಅಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫಾ'! ೞಕಾರಕ್ಕೂ ಫಕಾರಕ್ಕೂ ಏನು ಸಂಬಂಧ? ಸಂಖ್ಯೆಯನ್ನು ನೋಡಿದರೆ ಊಹೆ ಕಷ್ಟವಲ್ಲ. ೞಕಾರ ಕುಳಿತಿರುವುದು 3294ರಲ್ಲಿ. ದೇವನಾಗರಿಯ ಕೇರಿಯಲ್ಲಿ ಇದಕ್ಕೆ ನೇರವಾಗಿ ಸಮನಾದ 2398ನೆಯ ಮನೆಯಲ್ಲಿರುವುದು ಅರಬ್ಬಿ ಪಾರಸಿ ಮಾತುಗಳಿಗಾಗಿ ಚುಕ್ಕೆಯಿಟ್ಟು ಮಾಡಿಕೊಂಡ ಫ಼ ಅಕ್ಷರ. ಸಮತೆಯ ನಕ್ಷೆ ಉತ್ತರದ ಮನೆಯ ಹೆಸರನ್ನು ದಕ್ಷಿಣದ ಮನೆಗೂ ಅಂಟಿಸಿತೆಂದು ತೋರುತ್ತದೆ. ಅದರ ನಿಜವಾದ ಮನೆ ಳಕಾರದ 3251ಕ್ಕೂ ವಕಾರದ 3253ಕ್ಕೂ ನಡುವೆ ಇದೆ. ತಮಿಳಿನ, ಮಲಯಾಳದ ೞಕಾರಗಳು ತಮ್ಮ ತಮ್ಮ ಕೇರಿಯಲ್ಲಿ ಸರಿಯಾಗಿ ಅದೇ ಮನೆಯಲ್ಲಿವೆ. ತೆಲುಗಿನ ಪ್ರಾಚೀನ ೞಕಾರವೂ 2014ರಲ್ಲಿ ಅದೇ ಮನೆಯನ್ನು, 3124ನ್ನು, ಸೇರಿತು. ಕನ್ನಡದ 3252 ಮಾತ್ರ ಖಾಲಿ.

ತಪ್ಪು ಎಲ್ಲರಿಗೂ ತಿಳಿದಿದೆ. ಯೂನಿಕೋಡಿನವರೇ ಅದನ್ನು ತಪ್ಪೆಂದು ಒಪ್ಪಿ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ದಾಖಲಿಸಿದ್ದಾರೆ. ಆದರೆ ಮೂಲ ಹೆಸರನ್ನು ತೆಗೆಯುವಂತಿಲ್ಲ, ಅಕ್ಷರವನ್ನು ಕದಲಿಸುವಂತಿಲ್ಲ. ಒಮ್ಮೆ ಕೊಟ್ಟ ಸ್ಥಾನವನ್ನೂ ಹೆಸರನ್ನೂ ಎಂದಿಗೂ ಬದಲಾಯಿಸಕೂಡದೆಂಬುದು ಆ ಸಂಕೇತದ ಕಟ್ಟಳೆ. ಕಟ್ಟಳೆಯೇನೋ ನ್ಯಾಯವಾದುದೇ. ಸ್ಥಾನಗಳು ಕದಲುತ್ತಿದ್ದರೆ ಹಳೆಯ ಕಡತಗಳು ಮತ್ತೆ ಕೆಡುತ್ತವೆ. ಹಿಂದಿನ ಗೊಂದಲವೇ ಮರುಕಳಿಸುತ್ತದೆ. ಸ್ಥಿರತೆಯ ಬೆಲೆ ತಪ್ಪಿನ ಚಿರಾಯುತ್ವ.

ಅರ್ಕಾವೊತ್ತಿನದು ಇನ್ನೊಂದು ಬಗೆಯ ಸಾಕ್ಷ್ಯ. 'ಸೂರ್ಯ' ಎಂಬಲ್ಲಿ ರೇಫವನ್ನು ಬಲಗಡೆ ಅರ್ಕಾವೊತ್ತಾಗಿ ಬರೆಯುವುದು ಕನ್ನಡದ ರೂಢಿ. ತೆಲುಗು ತನ್ನ ವಲಪಲಗಿಲಕವನ್ನು ಕ್ರಮೇಣ ಕೈಬಿಟ್ಟು, ರಕಾರವನ್ನು ಇದ್ದಂತೆಯೇ ಬರೆದು ಮುಂದಿನ ವ್ಯಂಜನವನ್ನು ಕೆಳಗೆ ಒತ್ತಾಗಿಡುತ್ತದೆ. ಸಂಖ್ಯೆಯ ಶ್ರೇಣಿ ಎರಡಕ್ಕೂ ಒಂದೇ. ರೂಪಭೇದವನ್ನು ಮೇಲಿನ ಅಕ್ಷರರೂಪ ನೋಡಿಕೊಳ್ಳುತ್ತದೆ. ಇಲ್ಲಿಯವರೆಗೆ ವಿನ್ಯಾಸ ಚೆನ್ನಾಗಿಯೇ ನಡೆಯಿತು. ಆದರೆ ಆಂಗ್ಲದಿಂದ 'ರ‍್ಯಾಂಕ್' ಎಂಬಂಥ ಮಾತುಗಳು ಬಂದಾಗ ಕನ್ನಡಿಗರು ಅರ್ಕಾವೊತ್ತನ್ನು ಬಿಟ್ಟು ರಕಾರದ ಕೆಳಗೆ ಯಒತ್ತನ್ನು ಬರೆಯತೊಡಗಿದರು. ನಕ್ಷೆ ಬರೆದವರು ಎಣಿಸಿರದ ಈ ಬಳಕೆಗಾಗಿ ಎರಡರ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡುವ ಉಪಾಯವನ್ನು ಹೂಡಬೇಕಾಯಿತು. ಓದುವವನಿಗೆ ಅದು ಕಾಣದು. ಹುಡುಕುವ ಯಂತ್ರಕ್ಕೆ ಮಾತ್ರ ಕಾಣುತ್ತದೆ, ಕೆಲವೊಮ್ಮೆ ಎಡವಿಸುತ್ತದೆ ಕೂಡ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ವಿಕಾಸವೋ ರಚನೆಯೋ ಎಂಬ ಪ್ರಶ್ನೆಯನ್ನು ಇಡಿಯ ತಂತ್ರಾಂಶಕ್ಕೆ ಒಂದೇ ಉಸಿರಿನಲ್ಲಿ ಕೇಳುವುದು ಸರಿಯಲ್ಲವೆಂದು ತೋರುತ್ತದೆ. ಬೆರಳಿಗೂ ಕಣ್ಣಿಗೂ ತಾಗುವ ಪದರ, ಎಂದರೆ ಕೀಲಿಮಣೆ, ಅಕ್ಷರರೂಪ, ಲಿಪ್ಯಂತರ, ಬಳಸುವವರ ನಡುವೆ ಬೆಳೆದಷ್ಟೂ ಚೆನ್ನ. ಅಲ್ಲಿ ಎರಡು ಮೂರು ದಾರಿಗಳಿದ್ದರೆ ನಷ್ಟವಿಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು, ಇಂದಿನವರದನ್ನು ಮುಂದಿನವರು ಓದಬೇಕಾದ ಪದರವನ್ನು ಸಂತೆಗೆ ಬಿಟ್ಟುದರ ಫಲವನ್ನು ಕನ್ನಡಿಗರು ಉಂಡಿದ್ದಾರೆ. ಅದನ್ನು ಕಟ್ಟಲೇಬೇಕು. ಲೇಮನ್ನನ ಮಾತು ಈ ಅಡಿಪಾಯಕ್ಕೆ ಪೂರ್ತಿಯಾಗಿ ಸಲ್ಲದು. ಬಳಕೆ ಹೆಚ್ಚಿದಷ್ಟೂ ಅದರಲ್ಲಿ ಕೂಡಿಸುವುದುಂಟು, ಬದಲಿಸುವುದಿಲ್ಲ. ಆದುದರಿಂದ ತಳಪಾಯ ಹಾಕುವ ದಿನ ಅಲ್ಲಿ ಯಾರಿದ್ದರೆಂಬುದೇ ಮುಖ್ಯವಾದ ಪ್ರಶ್ನೆ. ಕೇಶಿರಾಜನನ್ನು ಓದಿದವನೊಬ್ಬನು ಆ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದ್ದರೆ ಸಾಕಾಗಿತ್ತು. ಯಂತ್ರಶಾಸ್ತ್ರದ ಕೆಲಸವೆಂದು ಪಂಡಿತರು ದೂರ ಉಳಿದರೆ, ಪಂಡಿತರ ಕೆಲಸವೆಂದು ಯಂತ್ರಜ್ಞರು ಕೇಳದಿದ್ದರೆ, ಇಂಥ ಫಕಾರಗಳು ಇನ್ನೂ ಹುಟ್ಟುತ್ತವೆ.

ಈಚಿನ ವರ್ಷಗಳಲ್ಲಿ ಈ ದೂರ ಸ್ವಲ್ಪ ಕಡಮೆಯಾಗಿರುವ ಕುರುಹುಗಳಿವೆ. 2003ರಲ್ಲಿ ಅವಗ್ರಹ, 2006ರಲ್ಲಿ ಜಿಹ್ವಾಮೂಲೀಯ ಉಪಧ್ಮಾನೀಯಗಳು ಕನ್ನಡದ ಕೇರಿಗೆ ಬಂದುವು. ಹಳೆಯ ಕನ್ನಡ ತೆಲುಗು ಬರಹಗಳಲ್ಲಿ ಪದಾಂತ್ಯದ ನಕಾರವನ್ನು ತೋರುತ್ತಿದ್ದ ವಿಶೇಷರೂಪವೊಂದುಂಟು. ಅದಕ್ಕೆ 'ನಕಾರಪೊಲ್ಲು' ಎಂದು ಹೆಸರು. 2021ರ ಆವೃತ್ತಿಯಲ್ಲಿ ಅದು ಎರಡು ಲಿಪಿಗಳಿಗೂ ಒಟ್ಟಿಗೆ ಸೇರಿತು: ತೆಲುಗಿಗೆ 3165, ಕನ್ನಡಕ್ಕೆ 3293. ಎರಡಕ್ಕೂ ಅಂತರ ಸರಿಯಾಗಿ 128, ಹೆಸರೂ ಸರಿಯಾದುದೇ. ಕನ್ನಡದ ಕೇರಿಯಲ್ಲಿ ಅದರ ಬಲಗಡೆಯ ಮನೆ ೞಕಾರದ್ದು.